ಗಣಿತಾಚಾರ್ಯ ಮಹಾವೀರ

ಅಫಜಲಪುರ ತಾಲೂಕಿನ ಮಣ್ಣೂರನ್ನು ಮುಟ್ಟಿ, ಜೇವರ್ಗಿಯ ಸೀಮೆಯನ್ನು ತೊಯಿಸಿ ಮುಂದಕ್ಕೆ ಸಾಗುವ ಭೀಮೆಗೆ ಎಡದಂಡೆಯಿಂದ ಕಾಗಿಣಾ ನದಿಯು ಬಂದು ಕೂಡುತ್ತದೆ. ಆ ಕಾಗಿಣೆಯ ತೀರದಲ್ಲಿ ಸೇಡಂ ತಾಲೂಕಿಗೆ ಸೇರಿದ ಮಳಖೇಡವಿದೆ. ಇಂದು ಅಲ್ಲಿ ಕಾಣತಕ್ಕದ್ದು ಹಾಳುಬಿದ್ದ ಕೋಟೆ, ನೇಮಿನಾಥನ ಬಸದಿ, ಊರ ಮನೆಗಳು. ಸಾವಿರದ ನೂರು ವರ್ಷಗಳ ಹಿಂದೆ ಇದೇ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿ ಮೆರೆಯಿತು. ನೃಪತುಂಗನ ಹೆಸರನ್ನೂ ಕವಿರಾಜಮಾರ್ಗದ ಹೆಸರನ್ನೂ ಅರಿಯದ ಕನ್ನಡಿಗನಿಲ್ಲ. ಆದರೆ ಅದೇ ಅರಸನ ಆಳಿಕೆಯಲ್ಲಿ, ಅವನನ್ನೇ ಮೊದಲಲ್ಲಿ ಸ್ತುತಿಸಿ, ಸಾವಿರದ ನೂರಕ್ಕೂ ಮಿಕ್ಕ ಶ್ಲೋಕಗಳಲ್ಲಿ ಗಣಿತಶಾಸ್ತ್ರವನ್ನು ಬರೆದಿಟ್ಟ ಮಹಾವೀರಾಚಾರ್ಯರ ವಿಷಯವಾಗಿ ನಮ್ಮಲ್ಲಿ ಎಷ್ಟು ಜನರು ಬಲ್ಲರು? ಹೆಸರು ಕೇಳಿದೊಡನೆ ಇಪ್ಪತ್ತನಾಲ್ಕನೆಯ ತೀರ್ಥಂಕರನೆಂದು ಭಾವಿಸುವವರೇ ಬಹಳ. ಆದುದರಿಂದ ಈ ಹೊತ್ತು ಈ ಮಹನೀಯರ ಜೀವಿತವನ್ನು ವಾಚಕರ ಮುಂದಿಡಲು ನಾವು ಇಚ್ಛಿಸಿದ್ದೇವೆ.

ಜೀವಿತವೆಂದರೆ ಹುಟ್ಟಿದ ದಿನ, ತಾಯಿತಂದೆಗಳ ಹೆಸರು, ಮದುವೆ, ಮಕ್ಕಳು ಎಂದು ವಾಚಕರು ಎದುರುನೋಡಬಹುದು. ಆಚಾರ್ಯರು ತಮ್ಮ ಗ್ರಂಥದಲ್ಲಿ ಅರಸನನ್ನು ಕುರಿತು ಹೇಳಿದರು, ಜಿನನನ್ನು ಕುರಿತು ಹೇಳಿದರು. ತಮ್ಮನ್ನು ಕುರಿತು ಹೇಳಿಕೊಳ್ಳಲಿಲ್ಲ. ಅವರ ಕಾಲವನ್ನೂ ಅವರ ಗ್ರಂಥವನ್ನೂ ನೋಡಿಯೇ ಅವರ ಬಾಳನ್ನು ತಿಳಿಯಬೇಕು. ಹಾಗೆ ನೋಡಿದರೆ ತಿಳಿಯುವುದು ಅಲ್ಪವೇನೂ ಅಲ್ಲ.

ಕ್ರಿ. ಶ. ೮೧೪ರಲ್ಲಿ ಮೂರನೆಯ ಗೋವಿಂದನು ತೀರಿಕೊಂಡಾಗ ಅವನ ಮಗನಾದ ಅಮೋಘವರ್ಷನು ಇನ್ನೂ ಹುಡುಗ. ಸಾಮಂತರು ದಂಗೆಯೆದ್ದರು, ಗುಜರಾತಿನ ಶಾಖೆಯ ಕರ್ಕನು ಬೆಂಬಲವಾಗಿ ನಿಂತು ಸಿಂಹಾಸನವನ್ನು ಉಳಿಸಿಕೊಟ್ಟನು. ಅಂದಿನಿಂದ ೮೭೮ರವರೆಗೆ ಅರುವತ್ತನಾಲ್ಕು ವರ್ಷಗಳ ದೀರ್ಘವಾದ ಆಳಿಕೆ. ೮೫೧ರ ಸುಮಾರಿಗೆ ಅರಬ ವರ್ತಕ ಸುಲೇಮಾನನ ಹೆಸರಿನಲ್ಲಿ ಹುಟ್ಟಿದ ವೃತ್ತಾಂತವು ಈ ಬಲ್ಹರ ರಾಜನನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಆದರೆ ಮಾನ್ಯಖೇಟದ ಕೀರ್ತಿಗೆ ಕತ್ತಿಗಿಂತಲೂ ಕಂಠವೇ ಹೆಚ್ಚು ಕಾರಣವಾಯಿತು. ವೀರಸೇನಾಚಾರ್ಯರ ಧವಲಾ ಟೀಕೆಯು ೮೧೬ರಲ್ಲಿ ಮುಗಿದಿತ್ತು. ಅವರ ಶಿಷ್ಯರಾದ ಜಿನಸೇನರು ೮೩೭ರಲ್ಲಿ ಜಯಧವಲೆಯನ್ನು ಪೂರ್ಣಗೊಳಿಸಿದರು. ಶಾಕಟಾಯನರು ತಮ್ಮ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು ಅಮೋಘವೃತ್ತಿಯೆಂದು ಕರೆದರು. ಕನ್ನಡಕ್ಕೆ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದೂ ಆಗಲೇ. ಭಾಷೆಗೆ ನಿಯಮವನ್ನು ಹುಡುಕುವ ಜನರ ನಡುವೆ ಸಂಖ್ಯೆಗೆ ನಿಯಮವನ್ನು ಹುಡುಕುವವರೊಬ್ಬರು ಇದ್ದರೆಂಬುದರಲ್ಲಿ ಆಶ್ಚರ್ಯವೇನು?

ಜೈನರಿಗೆ ಗಣಿತವು ಕೇವಲ ಲೆಕ್ಕದವರ ವಿದ್ಯೆಯಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ದ್ವೀಪಸಮುದ್ರಗಳ ವಿಸ್ತಾರ, ಕಾಲದ ಅಳತೆ, ಕರ್ಮದ ಭೇದಗಳು, ಇವೆಲ್ಲವನ್ನೂ ಅವರು ಎಣಿಸಿದರು; ಎಣಿಸಬಹುದಾದುದು, ಎಣಿಸಲಾಗದುದು, ಅನಂತ ಎಂದು ವಿಭಾಗಿಸಿದರು. ಆದುದರಿಂದಲೇ ಮಹಾವೀರಾಚಾರ್ಯರು ಗ್ರಂಥಾರಂಭದಲ್ಲಿ ಜಿನೇಶ್ವರನಿಗೆ ವಂದಿಸುವಾಗ, ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದವನೆಂದು ವಂದಿಸುತ್ತಾರೆ. ತರುವಾಯ ಅಮೋಘವರ್ಷನ ಪ್ರಶಂಸೆ. ಅವನ ರಾಜ್ಯದಲ್ಲಿ ಈತಿಬಾಧೆಗಳಿಲ್ಲದೆ ಪ್ರಜೆಗಳು ಸುಖವಾಗಿದ್ದಾರೆಂಬ ಮಾತು. ಅನಂತರ ಗಣಿತದ ಮಹಿಮೆ. ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ, ಗ್ರಹಗಳ ಗತಿ, ಯಾವುದಕ್ಕೆ ಲೆಕ್ಕ ಬೇಡ ಎಂದು ಅವರ ವಾದ. ಅಡಿಗೆಯ ಮನೆಯನ್ನೂ ಬಿಡದೆ ಎಣಿಸಿದ ಈ ಆಚಾರ್ಯರು ಒಣ ಪಂಡಿತರಲ್ಲವೆಂಬುದು ಈ ಮೊದಲ ಪುಟಗಳಲ್ಲಿಯೇ ತಿಳಿದುಬರುತ್ತದೆ.

ಗ್ರಂಥದ ಹೆಸರು ಗಣಿತಸಾರಸಂಗ್ರಹ. ಕಾಲ ಸುಮಾರು ೮೫೦. ಭಾಷೆ ಸಂಸ್ಕೃತ. ಆರ್ಯಭಟನೂ, ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನೂ ಜ್ಯೋತಿಷದ ನಡುವೆ ಗಣಿತಕ್ಕೆ ಎಡೆಗೊಟ್ಟಿದ್ದರು. ಮಹಾವೀರಾಚಾರ್ಯರು ಜ್ಯೋತಿಷವನ್ನು ಬದಿಗಿರಿಸಿ ಇಡೀ ಗ್ರಂಥವನ್ನು ಗಣಿತಕ್ಕೇ ಮೀಸಲಿಟ್ಟರು. ಸಂಜ್ಞೆಗಳಿಂದ ತೊಡಗಿ ಪರಿಕರ್ಮ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆ ಮೊದಲಾದ ಒಂಬತ್ತು ಅಧ್ಯಾಯಗಳು. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳು.

ಇವರು ಪಾಠ ಹೇಳುತ್ತಿದ್ದ ರೀತಿಯನ್ನು ಊಹಿಸಬೇಕಾದರೆ ಒಂದು ಲೆಕ್ಕವನ್ನು ನೋಡಿದರೆ ಸಾಕು. ಒಂಬತ್ತು ಮಾದಲಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಕೂಡಿ ಬೆಲೆ ೧೦೭, ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಕೂಡಿ ಬೆಲೆ ೧೦೧, ಒಂದೊಂದರ ಬೆಲೆಯೆಷ್ಟು? ಉಪಾಯವೂ ಅವರದೇ. ಹೆಚ್ಚಿನ ಬೆಲೆಯನ್ನು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದರೆ ೯೬೩, ಕಡಿಮೆಯದನ್ನು ಕಡಿಮೆಯ ಸಂಖ್ಯೆಯಿಂದ ಗುಣಿಸಿದರೆ ೭೦೭, ಅಂತರ ೨೫೬. ಒಂಬತ್ತರ ಮತ್ತು ಏಳರ ವರ್ಗಗಳ ಅಂತರ ೩೨. ಭಾಗಿಸಿದರೆ ಮಾದಲಕ್ಕೆ ೮. ಉಳಿದುದು ಬೇಲಕ್ಕೆ ೫. ಇಂದು ನಮ್ಮ ವಿದ್ಯಾರ್ಥಿಗಳು ಎರಡು ಸಮೀಕರಣಗಳೆಂದು ಬರೆದು ಬಿಡಿಸುವ ಲೆಕ್ಕವು ಅಂದು ಸಂತೆಯ ಮಾತಿನಲ್ಲಿಯೇ ಬಿಡಿಸಲ್ಪಟ್ಟಿತು. ವಿನೋದಕ್ಕೂ ಕೊರತೆಯಿಲ್ಲ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇಂಥ ಸಂಖ್ಯೆಗಳನ್ನು ಆಚಾರ್ಯರು ಕಂಠಾಭರಣಗಳೆಂದು ಕರೆದು ಶಿಷ್ಯರ ಮುಂದೆ ಹಿಡಿದರು. ಕೊಟ್ಟಷ್ಟು ವಸ್ತುಗಳಲ್ಲಿ ಬೇಕಾದಷ್ಟನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸರ್ವಸಾಮಾನ್ಯವಾದ ಸೂತ್ರವನ್ನೂ ಅವರು ಕೊಟ್ಟಿದ್ದಾರೆ. ಷಡ್ರಸಗಳಲ್ಲಿ ಮೂರು ಮೂರನ್ನು ಕೂಡಿಸಿದರೆ ಇಪ್ಪತ್ತು ರುಚಿಗಳಾಗುತ್ತವೆಂಬುದು ಆ ಸೂತ್ರದ ಫಲ.

ಇನ್ನು ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇವೆ. ಋಣಸಂಖ್ಯೆಗೆ ವರ್ಗಮೂಲವುಂಟೇ? ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ. ಹಾಗಾದಮೇಲೆ ಋಣವು ಯಾವುದರ ವರ್ಗವಾದೀತು? ಮಹಾವೀರಾಚಾರ್ಯರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿ, ಋಣವು ಸ್ವಭಾವದಿಂದಲೇ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ತೀರ್ಮಾನವನ್ನಿತ್ತರು. ಮೂರು ಶತಕಗಳ ತರುವಾಯ, ೧೧೫೦ರಲ್ಲಿ, ಭಾಸ್ಕರಾಚಾರ್ಯರೂ ಇದೇ ತೀರ್ಪನ್ನು ಕೊಟ್ಟರು.

ಈ ಮಾತಿನಲ್ಲಿ ಆಚಾರ್ಯರು ಸಂಕೀರ್ಣ ಸಂಖ್ಯೆಗಳನ್ನು ಕಂಡುಹಿಡಿದರೆಂದು ಹೇಳುವ ಅಭಿಮಾನಿಗಳು ನಮ್ಮಲ್ಲಿದ್ದಾರೆ. ಪಶ್ಚಿಮದಲ್ಲಿ ಏನೇ ಹುಟ್ಟಿದರೂ ಅದು ಮೊದಲು ನಮ್ಮಲ್ಲಿಯೇ ಹುಟ್ಟಿತೆಂದು ಸಾಧಿಸಹೊರಡುವ ಇಂಥ ಅಭಿಮಾನವು ಹಿರಿಯರಿಗೆ ಮಾಡುವ ಉಪಕಾರವಲ್ಲ. ಅವರು ಇಲ್ಲವೆಂದುದನ್ನು ಉಂಟೆಂದರೆಂದು ಹೇಳುವುದು ಅವರನ್ನು ಓದದೆ ಹೊಗಳಿದಂತೆಯೇ ಸರಿ. ಮಹಾವೀರಾಚಾರ್ಯರ ಹಿರಿಮೆ ಬೇರೆಡೆಯಲ್ಲಿದೆ. ಪ್ರಶ್ನೆಯೊಂದು ಇದೆಯೆಂಬುದನ್ನು ಅವರು ಕಂಡರು. ಉತ್ತರವನ್ನು ಮಾತ್ರ ಕೊಡದೆ ಕಾರಣವನ್ನೂ ಕೊಟ್ಟರು. ಅವರ ಕಾಲದಲ್ಲಿ ಸಂಖ್ಯೆಯೆಂದರೆ ಏನೆಂದು ತಿಳಿಯಲಾಗಿತ್ತೋ ಆ ಅರ್ಥದಲ್ಲಿ ಅವರ ತೀರ್ಮಾನವು ಇಂದಿಗೂ ಅಚಲವಾಗಿದೆ.

ಮುಂದೆ ಬದಲಾದುದು ಸಂಖ್ಯೆಯ ಅರ್ಥ. ೧೫೪೫ರಲ್ಲಿ ಇಟಲಿಯ ಕಾರ್ಡಾನೋ ಎಂಬವನಿಗೆ ಸಮೀಕರಣಗಳನ್ನು ಬಿಡಿಸುವಲ್ಲಿ ಋಣದ ವರ್ಗಮೂಲವು ಅಡ್ಡಬಂದಿತು; ೧೫೭೨ರಲ್ಲಿ ಬೊಂಬೆಲ್ಲಿಯು ಅದನ್ನು ನಿಯಮಬದ್ಧವಾಗಿ ಬಳಸಿದನು. ಆದರೂ ಅದೇನೆಂಬುದು ತಿಳಿಯಲಿಲ್ಲ. ೧೭೯೭ರಲ್ಲಿ ವೆಸ್ಸೆಲ್ ಎಂಬ ಭೂಮಾಪಕನೂ ೧೮೦೬ರಲ್ಲಿ ಅರ್ಗಾಂಡನೂ ದಾರಿ ತೋರಿಸಿದರು. ಅದನ್ನು ಕವಾಯತಿನ ಮೈದಾನದಲ್ಲಿ ನಿಂತ ಸಿಪಾಯಿಯಿಂದ ತಿಳಿಯಬಹುದು. ಋಣವೆಂದರೆ ಪೂರ್ಣವಾಗಿ ಹಿಂದಿರುಗಿ ನಿಲ್ಲುವುದು. ಎರಡು ಸಲ ಮಾಡಿದರೆ ಹಿಂದಿರುಗಿ ನಿಂತಂತಾಗುವ ಕ್ರಿಯೆ ಯಾವುದು? ಒಮ್ಮೆ ಎಡಕ್ಕೆ ತಿರುಗುವುದು. ಮತ್ತೊಮ್ಮೆ ಎಡಕ್ಕೆ ತಿರುಗುವುದು. ಋಣ ಒಂದರ ವರ್ಗಮೂಲವೆಂದರೆ ಈ ಎಡದ ತಿರುವು. ಅದು ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಬದಿಗಿದೆ. ಗೆರೆಯ ಮೇಲೆ ನಿಂತು ನೋಡಿದವರಿಗೆ ಅದು ಇಲ್ಲವೆಂದೇ ಕಾಣುವುದು. ಮೈದಾನದಲ್ಲಿ ನಿಂತವರಿಗೆ ಇದೆ. ಹೀಗೆ ಸಂಖ್ಯೆಯು ಗೆರೆಯನ್ನು ಬಿಟ್ಟು ಮೈದಾನಕ್ಕಿಳಿಯಿತು. ಆ ಮೈದಾನಕ್ಕೆ ಸಂಕೀರ್ಣ ಸಮತಲವೆಂದು ಹೆಸರಾಯಿತು.

ಮಹಾವೀರಾಚಾರ್ಯರು ಈ ಮೈದಾನವನ್ನು ಸಂಖ್ಯೆಯ ಮೂಲಕ ಪ್ರವೇಶಿಸಲಿಲ್ಲ. ಆದರೆ ಕ್ಷೇತ್ರಗಣಿತದ ಅಧ್ಯಾಯದಲ್ಲಿ ಅದರ ಒಂದು ಬಾಗಿಲವರೆಗೆ ಬಂದು ನಿಂತಿದ್ದರೆಂಬುದೇ ಸ್ವಾರಸ್ಯ. ಅದು ಆಯತವೃತ್ತದ ಪ್ರಕರಣ. ಆಯತವೃತ್ತವೆಂದರೆ ನೀಳವಾದ ವೃತ್ತ; ಇಂದಿನವರು ದೀರ್ಘವೃತ್ತವೆನ್ನುವರು. ಉದ್ದವೂ ಅಗಲವೂ ತಿಳಿದಿದ್ದರೆ ಅದರ ಸುತ್ತಳತೆಯೆಷ್ಟು, ಕ್ಷೇತ್ರಫಲವೆಷ್ಟು? ಆಚಾರ್ಯರು ಸ್ಥೂಲವಾದುದೊಂದು, ಸೂಕ್ಷ್ಮವಾದುದೊಂದು, ಹೀಗೆ ಎರಡು ಸೂತ್ರಗಳನ್ನು ಕೊಡುತ್ತಾರೆ. ಉದ್ದ ೩೬, ಅಗಲ ೧೨ ಎಂದಿಟ್ಟುಕೊಳ್ಳೋಣ. ಸ್ಥೂಲ ಸೂತ್ರದ ಪ್ರಕಾರ ಉದ್ದಕ್ಕೆ ಅಗಲದ ಅರ್ಧವನ್ನು ಕೂಡಿಸಿ ಇಮ್ಮಡಿಸಬೇಕು, ಸುತ್ತಳತೆ ೮೪. ಸೂಕ್ಷ್ಮದಲ್ಲಿ ಅಗಲದ ವರ್ಗವನ್ನು ಆರರಿಂದ ಗುಣಿಸಿ, ಇಮ್ಮಡಿ ಉದ್ದದ ವರ್ಗವನ್ನು ಅದಕ್ಕೆ ಸೇರಿಸಿ, ವರ್ಗಮೂಲವನ್ನು ತೆಗೆಯಬೇಕು. ೬೦೪೮ರ ಮೂಲ, ಸುಮಾರು ೭೭.೮. ಇಂದಿನ ಗಣಿತದಿಂದ ಬರುವ ಸುತ್ತಳತೆ ೮೦.೨. ನೂರಕ್ಕೆ ಮೂರರಷ್ಟು ಮಾತ್ರ ಕೊರತೆ. ದೀರ್ಘವೃತ್ತದ ಸುತ್ತಳತೆಯನ್ನು ಸರಳ ಸೂತ್ರದಲ್ಲಿ ನಿಖರವಾಗಿ ಹಿಡಿಯುವುದು ಇಂದಿನವರಿಗೂ ಸಾಧ್ಯವಾಗಿಲ್ಲವೆಂಬುದನ್ನು ನೆನೆದರೆ ಇದು ಮೆಚ್ಚತಕ್ಕ ಸಾಧನೆ.

ಕ್ಷೇತ್ರಫಲದಲ್ಲಿ ಮಾತ್ರ ಆಚಾರ್ಯರು ಎಡವಿದರು. ವೃತ್ತದಲ್ಲಿ ಸುತ್ತಳತೆಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಬರುವುದು ಸತ್ಯ. ಆಯತವೃತ್ತದಲ್ಲಿಯೂ ಹಾಗೆಯೇ ಮಾಡಬಹುದೆಂದು ಅವರು ನಂಬಿ, ಸುತ್ತಳತೆಯನ್ನು ಅಗಲದ ಕಾಲುಭಾಗದಿಂದ ಗುಣಿಸಿದರು. ನಮ್ಮ ಉದಾಹರಣೆಯಲ್ಲಿ ಅದು ೨೩೩ ಆಗುತ್ತದೆ; ನಿಜವಾದುದು ೩೩೯. ಹೊಲದ ಮೂರರಲ್ಲೊಂದು ಪಾಲು ಕಳೆದುಹೋದಂತೆ.

ಹೀಗೇಕಾಯಿತು? ಆಯತವೃತ್ತವು ವೃತ್ತವನ್ನು ಒಂದು ಕಡೆಗೆ ಎಳೆದದ್ದರಿಂದಾದ ಆಕೃತಿ. ೧೨ರ ವ್ಯಾಸದ ವೃತ್ತವನ್ನು ಒಂದೇ ದಿಕ್ಕಿಗೆ ಮೂರು ಪಟ್ಟು ಎಳೆದರೆ ೩೬ರ ಉದ್ದ ಬರುತ್ತದೆ. ಹಾಗೆ ಎಳೆದಾಗ ಒಳಗಿನ ಪ್ರತಿಯೊಂದು ಚಿಕ್ಕ ಚೌಕವೂ ಮೂರು ಪಟ್ಟಾಗುವುದರಿಂದ ಕ್ಷೇತ್ರಫಲವೂ ಮೂರು ಪಟ್ಟಾಗಲೇಬೇಕು. ಸುತ್ತಳತೆಯಾದರೋ ಹಾಗಲ್ಲ, ಗೆರೆಯ ಒಂದೊಂದು ತುಣುಕು ಅದರ ದಿಕ್ಕಿಗನುಸಾರವಾಗಿ ಬೇರೆ ಬೇರೆಯಾಗಿ ಹಿಗ್ಗುತ್ತದೆ. ಆಚಾರ್ಯರು ತಾವೇ ಹಿಡಿದ ಹತ್ತರ ವರ್ಗಮೂಲವನ್ನು ಪರಿಧಿಯ ಪ್ರಮಾಣವಾಗಿಟ್ಟುಕೊಂಡು ವೃತ್ತದ ಫಲವನ್ನು ಮೂರರಿಂದ ಗುಣಿಸಿದ್ದರೆ ೩೪೧.೫ ಬರುತ್ತಿತ್ತು. ಸತ್ಯವು ಅವರ ಕೈಯಳತೆಯಲ್ಲಿಯೇ ಇತ್ತು. ಸುಲಭವೆಂದು ತೋರಿದ ಎಡೆಯಲ್ಲಿ ತಪ್ಪಿತು, ಕಠಿನವಾದ ಎಡೆಯಲ್ಲಿ ಬಹುಮಟ್ಟಿಗೆ ದಕ್ಕಿತು.

ಈ ಎಳೆತವನ್ನೇ ಸಂಕೀರ್ಣ ಸಮತಲದ ಭಾಷೆಯಲ್ಲಿ ಹೇಳಿದರೆ ಬಾಗಿಲು ತೆರೆಯುತ್ತದೆ. ೧೨ರ ತ್ರಿಜ್ಯವುಳ್ಳ ವೃತ್ತವನ್ನು ತೆಗೆದುಕೊಳ್ಳಿ. ಅಡ್ಡಗೆರೆಯನ್ನು ಕೆರೆಯ ನೀರೆಂದು ಭಾವಿಸಿ, ಪ್ರತಿಯೊಂದು ಬಿಂದುವಿಗೂ ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬದ ಅರ್ಧವನ್ನು ಕೂಡಿಸಿ. ಬಲತುದಿಯ ಬಿಂದುವು ನೀರಿನ ಮೇಲೆಯೇ ಇರುವುದರಿಂದ ೧೨ಕ್ಕೆ ೬ ಸೇರಿ ೧೮ ಆಗುವುದು. ಮೇಲ್ತುದಿಯ ಬಿಂಬವು ಕೆಳಗಿರುವುದರಿಂದ ೧೨ರಲ್ಲಿ ೬ ಕಳೆದು ೬ ಉಳಿಯುವುದು. ವೃತ್ತವು ನಮ್ಮ ೩೬ ಮತ್ತು ೧೨ರ ಆಯತವೃತ್ತವಾಗಿಬಿಟ್ಟಿತು. ಅರ್ಧದ ಬದಲು ಪೂರ್ಣ ಬಿಂಬವನ್ನೇ ಕೂಡಿಸಿದರೆ ಎಲ್ಲವೂ ಕುಗ್ಗಿ ಬರಿಯ ಗೆರೆಯಾಗುವುದು. ಪೂರ್ಣಕ್ಕಿಂತ ಮಿಗಿಲಾದರೆ ಆಕೃತಿಯು ಮಗುಚುವುದು. ಬಿಂಬದ ಪಾಲು ಪೂರ್ಣಕ್ಕಿಂತ ಕಡಿಮೆಯಾಗಿರುವವರೆಗೆ ಮಗುಚದೆ, ಎರಡು ಬಿಂದುಗಳು ಒಂದೇ ಎಡೆಯಲ್ಲಿ ಬೀಳದೆ, ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಪಂಡಿತರು ಇದನ್ನು ಏಕೈಕ ಹಾರ್ಮೋನಿಕ್ ಚಿತ್ರಣವೆಂದು ಕರೆಯುತ್ತಾರೆ. ಹಾರ್ಮೋನಿಕ್ ಎಂಬುದರ ತಿರುಳು ಇಷ್ಟೇ: ಅಂಚಿನಲ್ಲಿ ಕಾಯಿಸಿದ ತಾಮ್ರದ ತಟ್ಟೆಯ ಶಾಖವು ನಿಲುಕಡೆಗೆ ಬಂದಮೇಲೆ ಒಳಗಿನ ಯಾವ ಬಿಂದುವಿನ ಶಾಖವೂ ಅದರ ಸುತ್ತಲಿನ ವೃತ್ತದ ಮೇಲಿನ ಶಾಖಗಳ ಸರಾಸರಿಯಾಗಿರುವಂತೆ, ಚಿತ್ರಣದಲ್ಲಿಯೂ ಪ್ರತಿ ಬಿಂದುವಿನ ನೆಲೆಯು ಸುತ್ತಲಿನ ನೆಲೆಗಳ ಸರಾಸರಿಯಾಗಿರುತ್ತದೆ.

ಆಯತವೃತ್ತವು ಇದರ ಅತಿ ಸರಳ ನಿದರ್ಶನ. ವೃತ್ತದ ಅಂಚನ್ನು, ಎಲ್ಲಿಯೂ ಒಳಕ್ಕೆ ಬಾಗದ ಬೇರೊಂದು ಆಕೃತಿಯ ಅಂಚಿಗೆ ಕ್ರಮತಪ್ಪದೆ ಹೊಂದಿಸಿ, ಒಳಭಾಗವನ್ನು ಈ ಸರಾಸರಿಯ ನಿಯಮಕ್ಕೆ ಬಿಟ್ಟರೆ ಒಳಗೆ ಎಲ್ಲಿಯಾದರೂ ಮಡಿಕೆ ಬಿದ್ದೀತೇ ಎಂದು ೧೯೨೬ರಲ್ಲಿ ಹಂಗೇರಿಯ ರಾಡೋ ಕೇಳಿದನು. ಬೀಳದೆಂದು ಅದೇ ವರ್ಷ ಜರ್ಮನಿಯ ಕ್ನೇಸರನು ಸಾಧಿಸಿದನು. ೧೯೪೫ರಲ್ಲಿ ಫ್ರಾನ್ಸಿನ ಶೋಕೆಯು ಬೇರೆ ದಾರಿಯಿಂದ ಅದನ್ನೇ ಸಾಧಿಸಿದನು. ಒಂದಕ್ಕೊಂದಾದ ಇಂಥ ಚಿತ್ರಣದಲ್ಲಿ ಯಾವ ಬಿಂದುವಿನ ಬಳಿಯಲ್ಲಿಯೂ ಕ್ಷೇತ್ರಫಲದ ಪ್ರಮಾಣವು ಶೂನ್ಯವಾಗದೆಂದು ೧೯೩೬ರಲ್ಲಿ ಲೇವಿಯು ತೋರಿಸಿದನು. ೧೯೮೪ರಲ್ಲಿ ಕ್ಲುನಿ ಮತ್ತು ಶೀಲ್-ಸ್ಮಾಲ್ ಎಂಬಿಬ್ಬರ ಲೇಖನದ ತರುವಾಯ ಈ ಶಾಸ್ತ್ರವು ದೊಡ್ಡ ವೃಕ್ಷವಾಗಿ ಬೆಳೆದಿದೆ. ನಮ್ಮ ಆಯತವೃತ್ತದಲ್ಲಿ ಆ ಕ್ಷೇತ್ರಪ್ರಮಾಣವು ಎಲ್ಲ ಕಡೆಯೂ ಒಂದೇ: ಒಂದರಲ್ಲಿ ಅರ್ಧದ ವರ್ಗವನ್ನು ಕಳೆದರೆ ಮುಕ್ಕಾಲು. ದೊಡ್ಡ ವೃತ್ತದ ಫಲದ ಮುಕ್ಕಾಲು ಪಾಲೇ ಆಯತವೃತ್ತದ ಫಲ; ಲೆಕ್ಕಹಾಕಿದರೆ ಅದೇ ೩೩೯. ಮಾನ್ಯಖೇಟದಲ್ಲಿ ತಪ್ಪಿದ ಲೆಕ್ಕವು ಇಲ್ಲಿ ಎರಡು ಗೆರೆಗಳಲ್ಲಿ ಸರಿಹೋಗುತ್ತದೆ.

ಆಚಾರ್ಯರ ಇನ್ನೊಂದು ತಪ್ಪನ್ನೂ ಮರೆಮಾಚಬೇಕಾಗಿಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದಂತೆಯೇ ಉಳಿಯುವುದೆಂದು ಅವರು ಬರೆದರು. ಭಾಸ್ಕರಾಚಾರ್ಯರು ಅದನ್ನು ಒಪ್ಪದೆ ಖಹರವೆಂಬ ಅನಂತರಾಶಿಯನ್ನು ಹೇಳಿದರು. ಗುರುವಿನ ಮಾತನ್ನು ಶಿಷ್ಯಪರಂಪರೆಯು ತಿದ್ದಿಕೊಂಡು ನಡೆದುದರಿಂದಲೇ ಈ ವಿದ್ಯೆಯು ಅಂದು ಜೀವಂತವಾಗಿತ್ತು.

ಅಮೋಘವರ್ಷನ ತರುವಾಯ ನೂರು ವರ್ಷಗಳೊಳಗೆ ಮಾನ್ಯಖೇಟವು ಬಿದ್ದಿತು. ೯೭೨ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನೇ ಕೊನೆಗಾಣಿಸಿದನು. ಅರಮನೆ ಅಳಿಯಿತು, ಪುಸ್ತಕ ಉಳಿಯಿತು. ಹನ್ನೊಂದನೆಯ ಶತಕದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಕದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದು ಲೆಕ್ಕವನ್ನು ದೇಶಭಾಷೆಗೆ ಇಳಿಸಿದನು. ಮೂಲಗ್ರಂಥವು ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳನ್ನು ಕಳೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅಂಥ ಪ್ರತಿಗಳನ್ನು ಕೂಡಿಸಿ, ಪಾಠವನ್ನು ಶೋಧಿಸಿ, ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ ೧೯೧೨ರಲ್ಲಿ ಅಚ್ಚುಹಾಕಿಸಿದರು. ಅಮೇರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದನು; ಮಾನ್ಯಖೇಟದ ಆಚಾರ್ಯರ ಹೆಸರು ಲೋಕಕ್ಕೆ ತಿಳಿದುದು ಆಮೇಲೆ. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದ ಹೊರಬಿದ್ದಿತು.

ಕನ್ನಡ ಅನುವಾದದೊಡನೆ ಗ್ರಂಥವು ಹೊಂಬುಜದಿಂದ ಪ್ರಕಟವಾದುದು ೨೦೦೦ದಲ್ಲಿ. ಕನ್ನಡ ಅರಸನ ಆಸರೆಯಲ್ಲಿ ಹುಟ್ಟಿದ ಪುಸ್ತಕವು ತೆಲುಗರ ಮನೆಯನ್ನು ಸೇರಿ ಒಂಬತ್ತುನೂರು ವರ್ಷಗಳಾದಮೇಲೆ ನಮ್ಮ ಕೈಗೆ ಈ ಅನುವಾದ ಬಂದಿದೆ. ಬಂದುದನ್ನು ಕಪಾಟಿನಲ್ಲಿಡದೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ, ಸೇಡಂ ತಾಲೂಕುಗಳ ಪ್ರೌಢಶಾಲೆಗಳಿಗೂ ಮಣ್ಣೂರದಂಥ ಊರುಗಳ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಒದಗಿಸುವ ಏರ್ಪಾಡನ್ನು ಅಧಿಕಾರಿಗಳು ಮಾಡಬೇಕೆಂದು ನಾವು ಕೋರುತ್ತೇವೆ. ಮಾದಲಹಣ್ಣಿನ ಲೆಕ್ಕದಿಂದ ಪಾಠವನ್ನು ತೊಡಗಿದರೆ ಉಪಾಧ್ಯಾಯರಿಗೂ ಕಷ್ಟವಾಗಲಾರದು. ಮಕ್ಕಳಿಗೆ ಮಾದಲವನ್ನು ತೋರಿಸಲು ಮಾತ್ರ ಈಗ ಸಂತೆಯಲ್ಲಿ ಹುಡುಕಬೇಕಾದೀತು.